ಘಟ್ಟದ ಮೇಲೆ ಮೊಬೈಲು, ಘಟ್ಟದ ಕೆಳಗೆ ಬೋರ್ಡು

ಅಂಕಪಟ್ಟಿಯ ಪ್ರಕಾರ ನಾನು ಮಾಡಿದ್ದು ಒಂದೇ ಬಿ.ಎಡ್. ಆದರೆ ನನ್ನ ಲೆಕ್ಕದಲ್ಲಿ ಅದು ಎರಡು. ಒಂದು ಘಟ್ಟದ ಕೆಳಗೆ, ಕರಾವಳಿಯ ಕಾಲೇಜೊಂದರ ಬೆಂಚಿನ ಮೇಲೆ ಕೂತು ಮಾಡಿದ್ದು. ಇನ್ನೊಂದು ಘಟ್ಟದ ಮೇಲೆ, ಶಿರಸಿ ತಾಲೂಕಿನ ನಮ್ಮ ಮನೆಯ ಜಗಲಿಯಲ್ಲಿ ಮೊಬೈಲು ಹಿಡಿದುಕೊಂಡು ಮಾಡಿದ್ದು. ಉಪನ್ಯಾಸಕರು ಅವರೇ, ಸಹಪಾಠಿಗಳು ಅವರೇ, ಕರ್ನಾಟಕ ವಿಶ್ವವಿದ್ಯಾಲಯದ ಪಠ್ಯಕ್ರಮವೂ ಅದೇ. ಬದಲಾದದ್ದು ಕ್ಲಾಸು ನಡೆಯುವ ಜಾಗ ಮಾತ್ರ. ಅದೂ ಸಾಲದು ಎಂಬಂತೆ, ಇಂಟರ್ನ್‌ಶಿಪ್ಪಿನಲ್ಲಿ ಒಂದೇ ಪಾಠವನ್ನು ಅದೇ ಮಕ್ಕಳಿಗೆ ಮೊದಲು ಮೊಬೈಲಿನಲ್ಲಿ, ಆಮೇಲೆ ಶಾಲೆಯ ಕೋಣೆಯಲ್ಲಿ ಮಾಡುವ ಸಂದರ್ಭವೂ ಬಂತು. ಆನ್‌ಲೈನ್ ವಾಸಿಯೋ ತರಗತಿ ವಾಸಿಯೋ ಎಂದು ಚರ್ಚೆ ಎದ್ದಾಗಲೆಲ್ಲ ನಾನು ಬಾಯಿ ಹಾಕುವುದು ಈ ಧೈರ್ಯದ ಮೇಲೆಯೇ.

ಬಿ.ಎಡ್. ಸೇರಿದ್ದು 2019ರ ಕೊನೆಗೆ. ಶಿರಸಿಯಿಂದ ಕಾಲೇಜಿದ್ದ ಕುಮಟೆಗೆ ದೇವಿಮನೆ ಘಟ್ಟ ಇಳಿದು ಹೋಗಲು ಅರವತ್ತು ಕಿಲೋಮೀಟರಿನ ಆಚೀಚೆ. ದಿನಾ ಓಡಾಡುವ ದಾರಿಯಲ್ಲ, ಹಾಗಾಗಿ ಗೆಳತಿಯರ ಜೊತೆ ರೂಮು ಮಾಡಿಕೊಂಡಿದ್ದೆ, ಶನಿವಾರ ಮಧ್ಯಾಹ್ನ ಮನೆಗೆ. ಕ್ಲಾಸಿನಲ್ಲಿ ಅಂಕೋಲೆಯವರು, ಹೊನ್ನಾವರದವರು, ಭಟ್ಕಳದವರು, ಸಿದ್ದಾಪುರ, ಮುಂಡಗೋಡಿನವರು. ಮಧ್ಯಾಹ್ನ ಡಬ್ಬಿ ಬಿಚ್ಚಿದರೆ ಅರ್ಧ ಜಿಲ್ಲೆಯ ಅಡುಗೆ ಅಲ್ಲಿತ್ತು. ಮಾತೂ ಹಾಗೆಯೇ: ಹವ್ಯಕ, ನಾಡವರ ಕನ್ನಡ, ಕೊಂಕಣಿ, ಭಟ್ಕಳದ ನವಾಯತಿ.

ಆ ಸೆಮಿಸ್ಟರಿನ ಬಗ್ಗೆ ಮೊದಲು ಒಂದು ಕೊಂಕು ಮಾತು ಹೇಳಿಬಿಡುತ್ತೇನೆ, ಇಲ್ಲವಾದರೆ ನಾನು ಬೆಂಚಿನ ಪಕ್ಷಪಾತಿ ಅನಿಸಬಹುದು. ತರಗತಿಯ ಹೊತ್ತಿನಲ್ಲಿ ದೊಡ್ಡ ಪಾಲು ನೋಟ್ಸ್ ಬರೆದುಕೊಳ್ಳುವುದರಲ್ಲೇ ಹೋಗುತ್ತಿತ್ತು. ಮಗುವಿನ ಯೋಚನೆ ಬೆಳೆಯುವ ಬಗ್ಗೆ ಪಿಯಾಜೆ ಹೇಳಿದ ನಾಲ್ಕು ಹಂತಗಳು, ಬ್ಲೂಮ್ 1956ರಲ್ಲಿ ಕೊಟ್ಟ ಕಲಿಕೆಯ ಉದ್ದೇಶಗಳ ವರ್ಗೀಕರಣ, ವ್ಯಾಖ್ಯೆಗಳು, ಗುಣಲಕ್ಷಣಗಳು. ಒಬ್ಬರು ಹೇಳುವುದು, ಉಳಿದವರು ಬರೆಯುವುದು. ಇದಕ್ಕಾಗಿ ಒಬ್ಬ ಮನುಷ್ಯಳು ಘಟ್ಟ ಇಳಿದು ಬರಬೇಕೇ ಎಂದು ಆಗಲೂ ಅನಿಸುತ್ತಿತ್ತು. ಶಿಕ್ಷಕ ಕೇಂದ್ರಿತ ಬೋಧನೆಯ ದೋಷಗಳನ್ನು ನಾವು ಬರೆದುಕೊಂಡದ್ದೂ ಡಿಕ್ಟೇಶನ್ನಿನಲ್ಲೇ.

ಆದರೆ ಸೂಕ್ಷ್ಮ ಬೋಧನೆ ಶುರುವಾದ ಮೇಲೆ ಚಿತ್ರ ಬದಲಾಯಿತು. ಬಿ.ಎಡ್. ಮಾಡದವರಿಗಾಗಿ ಸ್ವಲ್ಪ ವಿವರಿಸಬೇಕು. 1963ರ ಸುಮಾರಿಗೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡ್ವೈಟ್ ಅಲೆನ್ ಮತ್ತು ಅವರ ಸಂಗಡಿಗರು ರೂಪಿಸಿದ ಪದ್ಧತಿ ಅದು. ಇಡೀ ಪಾಠ ಮಾಡುವ ಬದಲು ಒಂದು ಸಲಕ್ಕೆ ಒಂದೇ ಕೌಶಲ: ಪ್ರಶ್ನೆ ಕೇಳುವುದು, ಪೀಠಿಕೆ ಹಾಕುವುದು, ಬೋರ್ಡಿನ ಮೇಲೆ ಬರೆಯುವುದು, ಉತ್ತರ ಕೊಟ್ಟ ಮಗುವನ್ನು ಮೆಚ್ಚಿ ಮುಂದಕ್ಕೆ ತರುವುದು. ನಮ್ಮ ದೇಶದಲ್ಲಿ ರೂಢಿಯಲ್ಲಿರುವ ಕ್ರಮದಲ್ಲಿ 6 ನಿಮಿಷ ಪಾಠ, 6 ನಿಮಿಷ ಹಿಮ್ಮಾಹಿತಿ (ಫೀಡ್‌ಬ್ಯಾಕ್), 12 ನಿಮಿಷ ಮರುಯೋಜನೆ, 6 ನಿಮಿಷ ಮರುಪಾಠ, ಮತ್ತೆ 6 ನಿಮಿಷ ಹಿಮ್ಮಾಹಿತಿ. ಒಟ್ಟು 36 ನಿಮಿಷ. ಸಹಪಾಠಿಗಳೇ ಎಂಟನೇ ಕ್ಲಾಸಿನ ಮಕ್ಕಳ ಹಾಗೆ ಕೂರಬೇಕು. ಕೆಲವರು ಆ ಪಾತ್ರವನ್ನು ಬಹಳ ಮನಸ್ಸಿಟ್ಟು ಮಾಡುತ್ತಿದ್ದರು. ಕಾಗದದ ರಾಕೆಟ್ಟು ಹಾರಿಸುವವರು, "ಅಕ್ಕೋರೇ, ಒಂದಕ್ಕೆ ಹೋಗಿ ಬತ್ತೆ" ಎನ್ನುವವರು. ನಮ್ಮ ಕಡೆ ಟೀಚರ್ ಎಂದರೆ ಅಕ್ಕೋರು, ಗಂಡಸಾದರೆ ಮಾಸ್ತರು. ಮೂವತ್ತು ದಾಟಿದ ಸಹಪಾಠಿಯೊಬ್ಬರು ನನ್ನನ್ನು ಅಕ್ಕೋರೇ ಎಂದು ಕರೆದಾಗ ನಗು ತಡೆದುಕೊಂಡು ಪಾಠ ಮುಂದುವರಿಸುವುದೇ ಒಂದು ಕೌಶಲ.

ಅದರಲ್ಲಿ ಕಲಿತದ್ದು ಹಿಮ್ಮಾಹಿತಿಯ ಹಾಳೆಯಿಂದ ಕಡಿಮೆ. ಹಿಂದಿನ ಬೆಂಚಿನಲ್ಲಿ ಕೂತವರಿಗೆ ಮಾತ್ರ ಕಾಣುವ ಸಂಗತಿಗಳಿಂದಲೇ ಹೆಚ್ಚು. ಅಂಕೋಲೆಯ ಗೆಳತಿ ಚೆನ್ನಾಗಿ ವಿವರಿಸುತ್ತಿದ್ದಳು, ಅಕ್ಷರವೂ ಮುತ್ತಿನಂಥದ್ದು. ಆದರೆ ಬರೆದದ್ದರ ಮುಂದೆಯೇ ನಿಂತು ಮಾತಾಡುತ್ತಾಳೆ ಎಂದು ಹೇಳಿದ್ದು ಎಡಗಡೆಯ ಮೂಲೆಯಲ್ಲಿ ಕೂತಿದ್ದ ಮುಂಡಗೋಡಿನ ಹುಡುಗ. ಬಲಗಡೆ ಕೂತವರಿಗೆ ಅದು ಕಂಡಿರಲೇ ಇಲ್ಲ. ಮರುಪಾಠದಲ್ಲಿ ಅವಳು ಎರಡು ಹೆಜ್ಜೆ ಸರಿದು ನಿಂತಳು. ಅಷ್ಟೇ. ಆದರೆ ಆ ಎರಡು ಹೆಜ್ಜೆಯನ್ನು ಯಾವ ಪುಸ್ತಕವೂ ಅವಳಿಗೆ ಹೇಳಿಕೊಡುತ್ತಿರಲಿಲ್ಲ.

2020ರ ಮಾರ್ಚಿನಲ್ಲಿ ಕೊರೊನಾದಿಂದಾಗಿ ಕಾಲೇಜು ಮುಚ್ಚಿತು. ಒಂದು ವಾರ ಎಂದು ಬ್ಯಾಗಿನಲ್ಲಿ ಎರಡು ಜೊತೆ ಬಟ್ಟೆ ತುಂಬಿಕೊಂಡು ಘಟ್ಟ ಹತ್ತಿದವಳು, ರೂಮಿನಲ್ಲಿ ಬಿಟ್ಟ ಸಾಮಾನು ತರಲು ಹೋದದ್ದು ಎಷ್ಟೋ ತಿಂಗಳ ಮೇಲೆ.

ಆನ್‌ಲೈನ್ ಕ್ಲಾಸು ಶುರುವಾಯಿತು ಎಂದು ಹೇಳುವುದು ಸುಲಭ. ನಮ್ಮ ಮನೆಯ ಒಳಗೆ ಒಂದು ಕಡ್ಡಿ ಸಿಗ್ನಲೂ ಬರುತ್ತಿರಲಿಲ್ಲ. ಜಗಲಿಯ ಒಂದು ಮೂಲೆಯಲ್ಲಿ, ಕಿಟಕಿಯ ದಳಿಗೆ ಮೊಬೈಲು ಆನಿಸಿಟ್ಟರೆ ಮಾತು ಕೇಳುತ್ತಿತ್ತು. ಚಿತ್ರ ಬೇಕಿದ್ದರೆ ಮನೆ ಹಿಂದಿನ ಬೆಟ್ಟ ಹತ್ತಬೇಕು. ಊರಿನ ಡಿಗ್ರಿ ಹುಡುಗರೆಲ್ಲ ಅಲ್ಲೇ ತಾಡಪಾಲು ಕಟ್ಟಿಕೊಂಡು ಕೂತಿರುತ್ತಿದ್ದರು. ಒಬ್ಬನಿಗೆ ಇಂಜಿನಿಯರಿಂಗು, ಒಬ್ಬಳಿಗೆ ಬಿ.ಕಾಂ., ನನಗೆ ಶೈಕ್ಷಣಿಕ ಮನೋವಿಜ್ಞಾನ. ಒಬ್ಬರ ಸರ್ ಮಾತಾಡಿದ್ದು ಇನ್ನೊಬ್ಬರ ಮೇಡಂಗೆ ಕೇಳುತ್ತಿತ್ತು. ಮಳೆಗಾಲ ಬಂದ ಮೇಲೆ ಅದೂ ಕಷ್ಟ. ಗಾಳಿಗೆ ಮರ ಬಿದ್ದು ಕರೆಂಟು ಹೋದರೆ, ಟವರಿನ ಬ್ಯಾಟರಿ ಇರುವಷ್ಟು ಹೊತ್ತು ನೆಟ್‌ವರ್ಕು, ಆಮೇಲೆ ಅದೂ ಇಲ್ಲ. "ಕೂಸೆ, ಕರೆಂಟು ಹೋತು" ಎಂದು ಆಯಿ ಒಳಗಿಂದ ಕೂಗಿದರೆ ಇನ್ನು ಎಷ್ಟು ಹೊತ್ತು ಪಾಠ ಕೇಳಬಹುದು ಎಂಬ ಅಂದಾಜು ನನಗೆ ಸಿಗುತ್ತಿತ್ತು.

ಕೆಲವು ಕ್ಲಾಸು ಜೂಮಿನಲ್ಲಿ. ದುಡ್ಡು ಕೊಡದವರಿಗೆ ಅಲ್ಲಿ 40 ನಿಮಿಷದ ಮಿತಿ. ಪಾಠ ಏರುವ ಹೊತ್ತಿಗೆ ಕಡಿದುಹೋಗುವುದು, ಮತ್ತೆ ಲಿಂಕು, ಮತ್ತೆ "ಎಲ್ಲರೂ ಬಂದ್ರಾ?" ಬೆಟ್ಟ ಹತ್ತಿದವರಲ್ಲಿ ಕೆಲವರು ಆ ಎರಡನೇ ಲಿಂಕಿಗೆ ಬರುತ್ತಲೇ ಇರಲಿಲ್ಲ.

ನೆಟ್‌ವರ್ಕಿನ ಗೋಳು ಎಲ್ಲರೂ ಹೇಳಿದ್ದಾರೆ, ಅದನ್ನು ಅಷ್ಟಕ್ಕೇ ಬಿಡುತ್ತೇನೆ. ಫೈಬರ್ ಬಂದಿದೆ, ಈಗ ನಮ್ಮ ಊರಿನಲ್ಲೂ ವಿಡಿಯೋ ಓಡುತ್ತದೆ. ನೆಟ್‌ವರ್ಕು ಸರಿಯಿದ್ದ ದಿನಗಳಲ್ಲಿ ಆನ್‌ಲೈನ್ ಪಾಠ ಹೇಗಿತ್ತು ಎಂಬುದು ನಿಜವಾಗಿ ಕೇಳಬೇಕಾದ ಪ್ರಶ್ನೆ.

ಕೆಲವು ವಿಷಯಗಳಿಗೆ ತುಂಬ ಚೆನ್ನಾಗಿತ್ತು. ನಮ್ಮ ಮನೋವಿಜ್ಞಾನದ ಮೇಡಂ ಲೈವ್ ಕ್ಲಾಸಿನ ಗೊಡವೆಗೆ ಹೆಚ್ಚು ಹೋಗಲಿಲ್ಲ. ಹತ್ತು ಹನ್ನೆರಡು ನಿಮಿಷದ ಆಡಿಯೋ ಮಾಡಿ ವಾಟ್ಸಾಪಿನಲ್ಲಿ ಹಾಕುತ್ತಿದ್ದರು, ಜೊತೆಗೆ ನೋಟ್ಸಿನ ಪಿ.ಡಿ.ಎಫ್. ಅಡಿಕೆ ಸುಲಿಯುವಾಗ, ದೋಸೆ ಹಿಟ್ಟು ರುಬ್ಬುವಾಗ ಕೇಳಬಹುದು, ತಿಳಿಯದಿದ್ದರೆ ಮತ್ತೆ ಕೇಳಬಹುದು. ಕ್ಲಾಸಿನಲ್ಲಿ ಬರೆದುಕೊಳ್ಳುವ ಅವಸರದಲ್ಲಿ ತಪ್ಪಿಹೋಗಿದ್ದ ಮನೋವಿಜ್ಞಾನಿ ವೈಗೋಟ್‌ಸ್ಕಿ ನನಗೆ ಸರಿಯಾಗಿ ಅರ್ಥವಾದದ್ದು ಹೀಗೆ. ಮಗು ಒಂಟಿಯಾಗಿ ಮಾಡಬಲ್ಲದ್ದಕ್ಕೂ, ಬಲ್ಲವರ ನೆರವಿನಿಂದ ಮಾಡಬಲ್ಲದ್ದಕ್ಕೂ ನಡುವೆ ಇರುವ ಆ ಅಂತರದ ಬಗ್ಗೆ ನಾನು ನೆರವು ಯಾರೂ ಇಲ್ಲದೆ ಒಂಟಿಯಾಗಿ ಕಲಿತೆ ಎಂಬುದು ಬೇರೆ ಮಾತು. ಡಿಕ್ಟೇಶನ್ ಎಂಬ ಶಿಕ್ಷೆ ಮಾತ್ರ ಒಂದೇ ಏಟಿಗೆ ಹೋಯಿತು.

ಇನ್ನೊಂದು ಲಾಭ ನಾನು ಎಣಿಸದೇ ಇದ್ದದ್ದು. ಮೊದಲ ಸೆಮಿಸ್ಟರಿನಲ್ಲಿ ಬಾಯೇ ಬಿಡದಿದ್ದ ಹೊನ್ನಾವರದ ಕಡೆಯ ಹುಡುಗಿಯೊಬ್ಬಳು ಗೂಗಲ್ ಮೀಟಿನ ಚಾಟಿನಲ್ಲಿ ಪ್ರಶ್ನೆ ಬರೆಯತೊಡಗಿದಳು. ಒಳ್ಳೆಯ ಪ್ರಶ್ನೆಗಳು, ಮೇಡಂ ಒಂದು ಕ್ಷಣ ನಿಂತು ಯೋಚಿಸುವಂಥವು. ಮನೆಮಾತು ಕೊಂಕಣಿ, ಕ್ಲಾಸಿನಲ್ಲಿ ಎದ್ದು ನಿಂತು ಕನ್ನಡದಲ್ಲಿ ತಡವರಿಸುವುದು ಅವಳಿಗೆ ಬೇಡವಾಗಿತ್ತಂತೆ. ಬರೆಯುವಾಗ ಅಳಿಸಿ ತಿದ್ದಲು ಸಮಯವಿದೆ. ತರಗತಿ ಎಂದರೆ ಎಲ್ಲರಿಗೂ ಸಮಾನ ಅವಕಾಶ ಎನ್ನುವವರ ಎದುರು ನಾನು ಇವಳನ್ನು ನೆನೆಸಿಕೊಳ್ಳುತ್ತೇನೆ.

ಕೆಟ್ಟದ್ದು ಎಂದರೆ ಲೈವ್ ಕ್ಲಾಸು. ಇದು ನನ್ನ ಗಟ್ಟಿ ಅಭಿಪ್ರಾಯ. ರೆಕಾರ್ಡು ಮಾಡಿದ ಪಾಠದಲ್ಲಿ ನಿಲ್ಲಿಸುವ, ಹಿಂದೆ ಹೋಗುವ ಸ್ವಾತಂತ್ರ್ಯವಾದರೂ ಇದೆ. ತರಗತಿಯಲ್ಲಿ ಪಕ್ಕದವರಿದ್ದಾರೆ. ಲೈವ್ ಆನ್‌ಲೈನಿನಲ್ಲಿ ಎರಡೂ ಇಲ್ಲ: ಗಡಿಯಾರಕ್ಕೆ ಸರಿಯಾಗಿ ಕೂರಬೇಕು, ಆದರೆ ಯಾರ ಜೊತೆಗೂ ಕೂತ ಹಾಗಿರುವುದಿಲ್ಲ.

ನಮ್ಮ ಬೋಧನಾಭ್ಯಾಸದ ಉಳಿದ ಕೌಶಲಗಳನ್ನು ಹೀಗೇ ಪರದೆಯ ಎದುರು ಮಾಡಿದೆವು. ಅದರಲ್ಲಿ ಒಂದು, ಪ್ರಚೋದನಾ ವೈವಿಧ್ಯ. ಶಿಕ್ಷಕರು ಒಂದೇ ಕಡೆ ನಿಲ್ಲದೆ ಓಡಾಡುತ್ತ, ಕೈ ಸನ್ನೆ, ದನಿಯ ಏರಿಳಿತ, ನಡುನಡುವೆ ಮೌನ ಬಳಸಿ ಮಕ್ಕಳ ಗಮನ ಹಿಡಿಯುವುದು ಎಂದು ಅರ್ಥ. ದಳಿಗೆ ಆನಿಸಿಟ್ಟ ಮೊಬೈಲಿನ ಎದುರು ಓಡಾಡಿದರೆ ನನ್ನ ಸೆರಗು ಮಾತ್ರ ಕಾಣುತ್ತದೆ. ಮೂಲೆ ಬಿಟ್ಟು ಒಂದು ಹೆಜ್ಜೆ ಸರಿದರೆ ಸಿಗ್ನಲ್ ಇಲ್ಲ. ಆದರೂ ವೀಕ್ಷಣಾ ಪಟ್ಟಿಯಲ್ಲಿ ಗೆಳತಿಯರು "ಚಲನೆ: ಉತ್ತಮ" ಎಂದು ಗುರುತು ಹಾಕಿ ಕಳಿಸಿದರು. ನಾನೂ ಅವರಿಗೆ ಹಾಗೆಯೇ ಹಾಕಿದೆ.

ಮೌನದ ವಿಷಯ ಇನ್ನೂ ಸ್ವಾರಸ್ಯದ್ದು. ಮೇರಿ ಬಡ್ ರೋ ಎಂಬ ಅಮೆರಿಕದ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳನ್ನು ರೆಕಾರ್ಡು ಮಾಡಿ ಲೆಕ್ಕ ಹಾಕಿದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಉತ್ತರಕ್ಕೆ ಕಾಯುವುದು ಸರಾಸರಿ 1 ಸೆಕೆಂಡಿನಷ್ಟು. ಅದನ್ನು 3 ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಸುಮ್ಮನಿರುವ ಮಕ್ಕಳೂ ಮಾತಾಡುತ್ತಾರೆ. ಇದನ್ನು ಓದಿ ನಾನು ಆನ್‌ಲೈನಿನಲ್ಲಿ ಕಾಯಲು ಶುರುಮಾಡಿದೆ. ಮೂರಲ್ಲ, ಹತ್ತು ಸೆಕೆಂಡು ಕಾದರೂ ಏನೂ ತಿಳಿಯುವುದಿಲ್ಲ. ಆ ಮೌನ ಯೋಚನೆಯದ್ದಿರಬಹುದು, ಮ್ಯೂಟಿನದ್ದಿರಬಹುದು, ಸಿಗ್ನಲ್ ಹೋದದ್ದಿರಬಹುದು, ಮಗು ಎದ್ದು ಕೊಟ್ಟಿಗೆಗೆ ಹೋಗಿದ್ದೂ ಇರಬಹುದು. ಕೋಣೆಯೊಳಗಿನ ಮೌನವನ್ನು ಓದಬಹುದು. ಒಬ್ಬನು ಪೆನ್ನು ಕಚ್ಚುತ್ತಾನೆ, ಒಬ್ಬಳು ಪಕ್ಕದವಳ ಪಟ್ಟಿಗೆ (ನೋಟ್‌ಬುಕ್ಕಿಗೆ) ಇಣುಕುತ್ತಾಳೆ, ಒಬ್ಬ ಕೈ ಅರ್ಧ ಎತ್ತಿ ತಲೆ ಕೆರೆದುಕೊಳ್ಳುತ್ತಾನೆ. ಅರ್ಧ ಎತ್ತಿದ ಕೈ ಮೀಟಿನಲ್ಲಿ ಇಲ್ಲ. ಅಲ್ಲಿ ಕೈ ಒಂದೋ ಎತ್ತಿರುತ್ತದೆ, ಇಲ್ಲವೋ ಇಲ್ಲ.

ಆ ವರ್ಷ ಊರಲ್ಲಿದ್ದ ಕಾರಣ ಕೇರಿಯ ಮಕ್ಕಳೂ ಕೈಗೆ ಬಿದ್ದರು. ಜುಲೈನಿಂದ ಚಂದನ ವಾಹಿನಿಯಲ್ಲಿ ಹೈಸ್ಕೂಲಿನವರಿಗೆ ಹಿಂದಿನ ಕಲಿಕೆಯನ್ನು ಮುಂದಿನದಕ್ಕೆ ಜೋಡಿಸುವ ಸೇತುಬಂಧ ಪಾಠ ಬರುತ್ತಿತ್ತು. ಆಗಸ್ಟಿನಲ್ಲಿ ಸರ್ಕಾರ ವಿದ್ಯಾಗಮ ಶುರುಮಾಡಿತು, ಮಾಸ್ತರರೇ ಊರೂರಿಗೆ ಬಂದು ದೇವಸ್ಥಾನದ ಜಗಲಿಯಲ್ಲೋ ಅರಳಿಕಟ್ಟೆಯಲ್ಲೋ ಮಕ್ಕಳನ್ನು ಕೂರಿಸಿ ಪಾಠ ಮಾಡುವುದು. ಅಕ್ಟೋಬರಿನಲ್ಲಿ ಸೋಂಕಿನ ಭಯಕ್ಕೆ ಅದನ್ನು ನಿಲ್ಲಿಸಿದರು. ನಿಲ್ಲಿಸಿದ ಮೇಲೆ ನಾಲ್ಕಾರು ಮಕ್ಕಳು ನಮ್ಮ ಅಂಗಳಕ್ಕೆ ಬರತೊಡಗಿದವು. ಟಿ.ವಿ. ಪಾಠ ಅಚ್ಚುಕಟ್ಟಾಗಿತ್ತು, ಒಳ್ಳೆಯ ಶಿಕ್ಷಕರು ಮಾಡಿದ್ದು. ಆದರೆ ಏಳನೇ ಕ್ಲಾಸಿನ ಭಿನ್ನರಾಶಿ ಬಾರದ ಮಾಣಿಗೆ ಒಂಬತ್ತನೇ ಕ್ಲಾಸಿನ ಬಹುಪದೋಕ್ತಿ ಎಷ್ಟು ಅಚ್ಚುಕಟ್ಟಾಗಿ ಹೇಳಿದರೇನು? ಟಿ.ವಿ.ಗೆ ಅವನು ಎಲ್ಲಿ ನಿಂತಿದ್ದಾನೆ ಎಂದು ಗೊತ್ತಿಲ್ಲ. ಅವನಿಗೂ ಗೊತ್ತಿಲ್ಲ.

ಈಗ ಇಂಟರ್ನ್‌ಶಿಪ್ಪಿನ ಕಥೆ. 2021ರ ಜುಲೈ 1ಕ್ಕೆ ಶಾಲಾ ವರ್ಷ ಶುರುವಾದರೂ ಬಾಗಿಲು ತೆರೆದಿರಲಿಲ್ಲ. ನನಗೆ ಸಿಕ್ಕಿದ್ದು ಕುಮಟೆ ಮತ್ತು ಹೊನ್ನಾವರದ ನಡುವೆ, ಹೆದ್ದಾರಿ ಪಕ್ಕದ ಒಂದು ಹೈಸ್ಕೂಲು. ಹತ್ತನೇ ಕ್ಲಾಸಿನ ವಿಜ್ಞಾನ, ಸದ್ಯಕ್ಕೆ ಆನ್‌ಲೈನ್. ಮಕ್ಕಳಲ್ಲಿ ಮೀನುಗಾರರ ಮನೆಯವರು ಬಹಳ. ಹಾಜರಿ ನಾನು ಹೆದರಿದ್ದಷ್ಟು ಕಡಿಮೆ ಇರಲಿಲ್ಲ. ಕಾರಣ ಆಮೇಲೆ ಗೊತ್ತಾಯಿತು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಅಪ್ಪ ಮನೆಯಲ್ಲಿ, ಅಪ್ಪನ ಫೋನೂ ಮನೆಯಲ್ಲಿ. ಆಗಸ್ಟ್ ಬಂದದ್ದೇ ತಡ, ಬೋಟು ಸಮುದ್ರಕ್ಕೆ, ಫೋನೂ ಸಮುದ್ರಕ್ಕೆ. ನನ್ನ ಕ್ಲಾಸಿನ ಹಾಜರಿ ಬೋಟಿನ ಜೊತೆಗೇ ಹೋಯಿತು. ಪಾಠ ಬೇಸರವಾಗಿ ಮಕ್ಕಳು ಬರುತ್ತಿಲ್ಲ ಎಂದು ಬೆಂಗಳೂರಿನಲ್ಲಿ ಕೂತು ಅಂಕಿ ನೋಡುವವರಿಗೆ ಅನಿಸಬಹುದು.

ಜುಲೈ 22, 23ರ ಮಳೆಯಂತೂ ಯಾರಿಗೂ ಮರೆಯುವಂಥದ್ದಲ್ಲ. ಗಂಗಾವಳಿ ಉಕ್ಕಿ ಅಂಕೋಲೆ ಕಡೆಯ ಊರುಗಳಿಗೆ ನುಗ್ಗಿತು, ಗುಳ್ಳಾಪುರದ ಸೇತುವೆ ಕೊಚ್ಚಿಹೋಯಿತು, ಅರಬೈಲು ಘಟ್ಟದಲ್ಲೂ ಕಳಚೆಯಲ್ಲೂ ಗುಡ್ಡ ಕುಸಿಯಿತು. 22ನೇ ತಾರೀಕೇ ಎಸ್.ಎಸ್.ಎಲ್.ಸಿ. ಭಾಷಾ ಪರೀಕ್ಷೆ ಬೇರೆ, ಆ ವರ್ಷ ಎಲ್ಲ ವಿಷಯ ಸೇರಿ ಎರಡೇ ದಿನದ ಬಹುಆಯ್ಕೆ ಪರೀಕ್ಷೆ ಇಟ್ಟಿದ್ದರು. ಆ ಮಳೆ ಇಳಿದು ಲೈನು ಸರಿಯಾಗುವ ತನಕ ನನ್ನ ಕ್ಲಾಸು ಬಂದ್.

ಬೆಳಕಿನ ಪಾಠ ಮಾಡಿದ್ದು ಆ ಮಳೆಗೆ ಸ್ವಲ್ಪ ಮೊದಲು. ಪೀನ ಮಸೂರ (ನಡು ಉಬ್ಬಿದ ಲೆನ್ಸು), ಸಂಗಮ ದೂರ, ಪ್ರತಿಬಿಂಬ. ಬಹಳ ಶ್ರಮಪಟ್ಟು ಸ್ಲೈಡು ಮಾಡಿದ್ದೆ. ಕಿರಣಗಳು ಒಂದೊಂದಾಗಿ ಬಂದು ಮಸೂರದಲ್ಲಿ ಬಾಗಿ ಇನ್ನೊಂದು ಬದಿಯಲ್ಲಿ ಕೂಡುವಂತೆ. ಪುಸ್ತಕದಲ್ಲಿರುವ ಕ್ಯೂ.ಆರ್. ಕೋಡಿನಿಂದ ಸಿಗುವ, ಸರ್ಕಾರದ ದೀಕ್ಷಾ ಜಾಲತಾಣದ ವಿಡಿಯೋ ಕೂಡ ನೋಡಲು ಹೇಳಿದ್ದೆ. ಪಾಠದ ಕೊನೆಯ ಅಭ್ಯಾಸದಲ್ಲಿ ಒಂದು ಪ್ರಶ್ನೆ ಇದೆ: ಪೀನ ಮಸೂರದ ಅರ್ಧ ಭಾಗವನ್ನು ಕಪ್ಪು ಕಾಗದದಿಂದ ಮುಚ್ಚಿದರೆ ವಸ್ತುವಿನ ಪೂರ್ಣ ಪ್ರತಿಬಿಂಬ ಬರುತ್ತದೆಯೇ? ಅದನ್ನೇ ಗೂಗಲ್ ಫಾರ್ಮಿನಲ್ಲಿ ಕೇಳಿದೆ. ಉತ್ತರ ಕಳಿಸಿದವರಲ್ಲಿ ಒಂದಿಬ್ಬರನ್ನು ಬಿಟ್ಟರೆ ಎಲ್ಲರದ್ದೂ ಸರಿ. ಪೂರ್ಣ ಪ್ರತಿಬಿಂಬ ಬರುತ್ತದೆ. ಪಾಠಯೋಜನೆಯ ಮೌಲ್ಯಮಾಪನದ ಕಲಮಿನಲ್ಲಿ "ಉದ್ದೇಶ ಈಡೇರಿದೆ" ಎಂದು ಬರೆದು ಮಾರ್ಗದರ್ಶಕರಿಗೆ ಕಳಿಸಿದೆ. ಬರೆಯದಿರಲು ಕಾರಣವೇ ಇರಲಿಲ್ಲ.

ಆಗಸ್ಟ್ 23ಕ್ಕೆ ಒಂಬತ್ತು, ಹತ್ತನೇ ಕ್ಲಾಸಿಗೆ ಶಾಲೆ ತೆರೆಯಿತು. ಅರ್ಧ ದಿನ, ಮಕ್ಕಳನ್ನು ಗುಂಪು ಮಾಡಿ ದೂರ ದೂರ ಕೂರಿಸಿ, ಎಲ್ಲರ ಮೂಗಿಗೂ ಮಾಸ್ಕು. ಆನ್‌ಲೈನಿಗೆ ಬಾರದ ಮಕ್ಕಳಿಗಾಗಿ ಹಳೆಯ ಪಾಠಗಳನ್ನು ಬೇಗ ಬೇಗ ತಿರುಗಿ ಮುಗಿಸಿ ಎಂದರು ಹೆಡ್‌ಮಾಸ್ತರರು. ಪ್ರಯೋಗಾಲಯದ ಕಪಾಟಿನಲ್ಲಿ ಬೂಸಲು ಹಿಡಿದ ಡಬ್ಬಿಯೊಳಗೆ ಕೆಲವು ಮಸೂರ ಸಿಕ್ಕವು. ಸೀರೆಯ ಸೆರಗಿನಲ್ಲಿ ಒರೆಸಿ ಕ್ಲಾಸಿಗೆ ಒಯ್ದೆ.

ಹೆದ್ದಾರಿ ಕಡೆಯ ಒಂದು ಕಿಟಕಿ ಬಿಟ್ಟು ಉಳಿದ ಕಿಟಕಿ, ಬಾಗಿಲು ಮುಚ್ಚಿಸಿದೆ. ಕಿಟಕಿಯ ಎದುರಿನ ಗೋಡೆಗೆ ಬಿಳಿ ಹಾಳೆ ಅಂಟಿಸಿ, ಅದರ ಮುಂದೆ ಮಸೂರ ಹಿಡಿದು ಹಿಂದೆ ಮುಂದೆ ಸರಿಸಿದರೆ, ಮಸುಕು ಬೆಳಕು ಸರಕ್ಕನೆ ಚಿತ್ರವಾಯಿತು. ತಲೆಕೆಳಗಾದ ಕಿಟಕಿ, ಅದರೊಳಗೆ ತಲೆಕೆಳಗಾದ ತೆಂಗಿನ ಮರ, ಕೆಳಗೆ ಆಕಾಶ. ಬಣ್ಣ ಸಮೇತ. ಮಕ್ಕಳು ಬೆಂಚು ಬಿಟ್ಟು ಎದ್ದವು. ಅಂತರದ ನಿಯಮ ಎಲ್ಲಿ ಹೋಯಿತೋ ಏನೋ. ಆಗ ಹೊನ್ನಾವರದ ಕಡೆ ಒಂದು ಕೆಂಪು ಬಸ್ಸು ಹೋಯಿತು. ಹಾಳೆಯ ಮೇಲೆ ಬೆರಳುಗುರಿನಷ್ಟು ಬಸ್ಸು, ಚಕ್ರ ಮೇಲೆ ಮಾಡಿಕೊಂಡು, ಕುಮಟೆಯ ಕಡೆ ಹೋಯಿತು. "ಅಕ್ಕೋರೇ, ಬಸ್ಸು ಉಲ್ಟಾ ಹೋತದೆ!" ಎಂದ ಒಬ್ಬ. ಪ್ರತಿಬಿಂಬ ಮೇಲೆ ಕೆಳಗೆ ಮಾತ್ರವಲ್ಲ, ಎಡ ಬಲವೂ ತಿರುಗಿರುತ್ತದೆ ಎಂದು ನಾನು ಸ್ಲೈಡಿನಲ್ಲಿ ಹೇಳಿರಲೇ ಇಲ್ಲ. ಸ್ಲೈಡಿನ ಬಾಣಕ್ಕೆ ಎಡಬಲವೇ ಇರಲಿಲ್ಲವಲ್ಲ.

ಸುಮ್ಮನೆ ಕುತೂಹಲಕ್ಕೆ ಆ ಹಳೆಯ ಪ್ರಶ್ನೆ ಕೇಳಿದೆ. ಮಸೂರದ ಅರ್ಧಕ್ಕೆ ಕೈ ಅಡ್ಡ ಹಿಡಿಯುತ್ತೇನೆ, ಚಿತ್ರ ಏನಾಗುತ್ತದೆ? ಕೈ ಎತ್ತಿ. ಅರ್ಧ ಹೋಗುತ್ತದೆ ಎಂದು ಎದ್ದ ಕೈಗಳೇ ಹೆಚ್ಚು. ಫಾರ್ಮಿನಲ್ಲಿ ಸರಿ ಉತ್ತರ ಗುರುತು ಹಾಕಿದ್ದ ಮಕ್ಕಳದ್ದೂ ಅದರಲ್ಲಿತ್ತು. ಯಾವ ಅರ್ಧ ಹೋಗುತ್ತದೆ ಎಂಬುದರ ಮೇಲೆ ಜಗಳವೂ ಶುರುವಾಯಿತು. ಮೇಲಿನ ಅರ್ಧ ಮುಚ್ಚಿದರೆ ಮರದ ತಲೆ ಹೋಗುತ್ತದೆ ಎಂದು ಕೆಲವರು. ಚಿತ್ರ ತಲೆಕೆಳಗಲ್ಲವೇ, ಬುಡ ಹೋಗುತ್ತದೆ ಎಂದು ಇನ್ನು ಕೆಲವರು. ಎರಡನೆಯ ಗುಂಪು ತಪ್ಪಿದರೂ ಯೋಚಿಸಿ ತಪ್ಪಿತ್ತು.

ನಾನು ಮುಚ್ಚಲಿಲ್ಲ, ಮುಂದೆ ಕೂತಿದ್ದ ಹುಡುಗಿಯ ಕೈಯಲ್ಲಿ ಮುಚ್ಚಿಸಿದೆ. ಮರ ಪೂರ್ತಿ ಇತ್ತು. ಸ್ವಲ್ಪ ಮಬ್ಬಾಯಿತು, ಅಷ್ಟೇ. ಅವಳು ಕೈ ತೆಗೆದಳು, ಹಾಕಿದಳು, ತೆಗೆದಳು. ನಂಬಿಕೆ ಬರಲಿಲ್ಲ. ಒಬ್ಬ ಬಂದು ಬೆರಳ ಸಂದಿಯಷ್ಟು ಬಿಟ್ಟು ಉಳಿದದ್ದನ್ನೆಲ್ಲ ಮುಚ್ಚಿ ನೋಡಿದ. ಆಗಲೂ ಪೂರ್ತಿ ಮರ, ಇನ್ನಷ್ಟು ಮಬ್ಬು. ಮರದ ಒಂದೊಂದು ಬಿಂದುವಿನಿಂದಲೂ ಬೆಳಕು ಇಡೀ ಮಸೂರದ ಮೇಲೆ ಬೀಳುತ್ತದೆ, ಮಸೂರದ ಯಾವ ಚೂರು ಉಳಿದಿದ್ದರೂ ಅದು ಆ ಬೆಳಕನ್ನು ಅದೇ ಜಾಗಕ್ಕೆ ತಂದು ಸೇರಿಸುತ್ತದೆ, ಬೆಳಕಿನ ಮೊತ್ತ ಮಾತ್ರ ಕಡಿಮೆ ಎಂದು ಆಗ ವಿವರಿಸಿದೆ. ಇದೇ ವಾಕ್ಯ ಜುಲೈನಲ್ಲೂ ಹೇಳಿದ್ದೆ. ಆಗ ಅದು ಯಾವ ಪ್ರಶ್ನೆಗೂ ಉತ್ತರವಾಗಿರಲಿಲ್ಲ.

ಸಂಜೆ ಫಾರ್ಮಿನ ಉತ್ತರಗಳನ್ನು ಮತ್ತೆ ತೆಗೆದು ನೋಡಿದೆ. ಮಕ್ಕಳು ಕದ್ದರು ಎಂದು ದೂರುವುದಿಲ್ಲ. ಗೈಡು ನೋಡಿರಬಹುದು, ಗೆಳೆಯರನ್ನು ಕೇಳಿರಬಹುದು. ಉತ್ತರ ಸರಿ ಇರಬೇಕು ಎಂದು ನಾವೇ ಕಲಿಸಿದ್ದೇವೆ. ಆದರೆ ನನಗೆ ಮೊದಲಿನಿಂದಲೂ ಬೇಕಾಗಿದ್ದದ್ದು ಅವರ ತಪ್ಪು ಉತ್ತರ. ಮೊಬೈಲು ನನಗೆ ಸರಿ ಉತ್ತರಗಳನ್ನೇ ಕೊಟ್ಟಿತು. ಮನೆಯಲ್ಲಿ ಒಬ್ಬರೇ ಕೂತ ಮಗು ತಪ್ಪನ್ನು ಕಳಿಸುವುದಿಲ್ಲ, ಸರಿ ಸಿಗುವ ತನಕ ಹುಡುಕಿ ಅದನ್ನು ಕಳಿಸುತ್ತದೆ, ಇಲ್ಲವೇ ಏನೂ ಕಳಿಸುವುದಿಲ್ಲ. ಕೋಣೆಯಲ್ಲಿ, ಸುತ್ತ ಹತ್ತು ಕೈ ತಪ್ಪಾಗಿ ಎದ್ದಾಗ ಹನ್ನೊಂದನೆಯ ಕೈಯೂ ಧೈರ್ಯವಾಗಿ ತಪ್ಪಾಗಿ ಏಳುತ್ತದೆ. ಆನ್‌ಲೈನಿಗೂ ತರಗತಿಗೂ ನಾನು ಕಂಡ ದೊಡ್ಡ ವ್ಯತ್ಯಾಸ ಇದು. ಸಂಸ್ಕಾರ, ಶಿಸ್ತು, ಗುರುಶಿಷ್ಯ ಸಂಬಂಧ ಎಂದು ಸಭೆಗಳಲ್ಲಿ ಹೇಳುವುದೆಲ್ಲ ಇರಬಹುದು, ನನಗೆ ಅದರ ಪರಿಚಯ ಸಾಲದು.

ಎಲ್ಲ ಪಾಠಕ್ಕೂ ಇದೇ ತೀರ್ಪು ಎಂದೂ ಅಲ್ಲ. ವಿದ್ಯುಚ್ಛಕ್ತಿಯ ಪಾಠದಲ್ಲಿ ನನ್ನ ಅನುಭವ ಉಲ್ಟಾ. ಶಾಲೆಯ ಬಲ್ಬುಗಳಲ್ಲಿ ಅರ್ಧ ಸುಟ್ಟಿರುತ್ತವೆ, ಸೆಲ್ ಇಳಿದಿರುತ್ತವೆ, ತಂತಿಯ ತುದಿ ಕಿಲುಬು ಹಿಡಿದಿರುತ್ತದೆ. ವಿದ್ಯುತ್ ಮಂಡಲ (ಸರ್ಕ್ಯೂಟ್) ಕೆಲಸ ಮಾಡದಿದ್ದರೆ ದೋಷ ತಿಳಿವಳಿಕೆಯದ್ದೋ ತಂತಿಯದ್ದೋ ಹೇಳುವುದು ಕಷ್ಟ. ಕೊಲರಾಡೋ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಶುರುಮಾಡಿದ ಫೆಟ್ ಎಂಬ ಉಚಿತ ಜಾಲತಾಣ ಇದೆ. ಅಲ್ಲಿ ಬೆರಳಿನಿಂದ ಎಳೆದು ಬ್ಯಾಟರಿ, ಬಲ್ಬು, ಸ್ವಿಚ್ಚು ಜೋಡಿಸಬಹುದು. ತಂತಿಯೊಳಗೆ ಎಲೆಕ್ಟ್ರಾನು ಹರಿಯುವುದು ಕಾಣುತ್ತದೆ, ಬಲ್ಬನ್ನು ಸಮಾಂತರವಾಗಿ ಹಾಕಿದರೆ ಹರಿವು ಹೇಗೆ ಕವಲೊಡೆಯುತ್ತದೆ ಎಂಬುದೂ. ನಿಜವಾದ ತಂತಿ ಇದನ್ನು ತೋರಿಸುವುದೇ ಇಲ್ಲ. ಬೇಕಾದಷ್ಟು ಸಲ ಶಾರ್ಟ್ ಮಾಡಬಹುದು, ಪರದೆಯ ಮೇಲೆ ಬೆಂಕಿ ಬರುತ್ತದೆ, ಬೈಯುವವರಿಲ್ಲ. ಹುಡುಗರು ಮೊದಲು ಮಾಡುವುದೇ ಅದು. ತಪ್ಪು ಮಾಡಲು ಬಿಡುವ ಆನ್‌ಲೈನ್ ಇದ್ದರೆ ನನಗೆ ಅದರ ಮೇಲೆ ಸಿಟ್ಟಿಲ್ಲ.

ಈಗ ಇದೇ ಕರಾವಳಿಯ ಇನ್ನೊಂದು ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿ. ವ್ಯಾಖ್ಯೆ, ಸೂತ್ರ, ನೋಟ್ಸು ಎಲ್ಲ ಮಕ್ಕಳ ಮನೆಯ ವಾಟ್ಸಾಪಿಗೆ ಹೋಗುತ್ತದೆ, ಹತ್ತು ನಿಮಿಷದೊಳಗಿನ ಆಡಿಯೋ. ಸಂಜೆ ಏಳರ ಮೇಲೆ ಹಾಕುತ್ತೇನೆ, ಅಪ್ಪನ ಫೋನು ದಡಕ್ಕೆ ಬರುವ ಹೊತ್ತು ಅದು. ಕ್ಲಾಸಿನಲ್ಲಿ ನೋಟ್ಸ್ ಬರೆಸುವುದಿಲ್ಲ. ಇದಕ್ಕೆ ಪಾಲಕರ ತಕರಾರು ಇದೆ. "ಅಕ್ಕೋರು ಬರೆಸೂದೇ ಇಲ್ಲ, ಪಟ್ಟಿ ಖಾಲಿ" ಎಂದು ಸಭೆಯಲ್ಲಿ ಒಬ್ಬರು ಎದ್ದು ನಿಂತು ಹೇಳಿದರು. ಪಟ್ಟಿಯಲ್ಲಿ ಮಕ್ಕಳೇ ಬರೆದ ತಪ್ಪು ಊಹೆಗಳಿದ್ದವು, ಅದನ್ನು ಅವರು ಲೆಕ್ಕಕ್ಕೆ ಹಿಡಿಯಲಿಲ್ಲ. ಗೂಗಲ್ ಫಾರ್ಮ್ ಈಗಲೂ ಬಳಸುತ್ತೇನೆ, ಆದರೆ "ಯಾಕೆ" ಎಂಬ ಪ್ರಶ್ನೆ ಇದ್ದರೆ ಮಾತ್ರ, ಅದೂ ಪಾಠಕ್ಕೆ ಮೊದಲು, ಅಂಕ ಇಲ್ಲ ಎಂದು ಮೇಲೆಯೇ ಬರೆದು. ಅಂಕ ಇಲ್ಲ ಎಂದರೆ ಕೆಲವರು ತಮಗೆ ಅನಿಸಿದ್ದನ್ನೇ ಬರೆಯುತ್ತಾರೆ. ಆ ಕೆಲವರೇ ಮರುದಿನದ ಪಾಠಕ್ಕೆ ಸಾಕು.

ಮಾತಾಡದ ಮಕ್ಕಳಿಗಾಗಿ ಒಂದು ಡಬ್ಬಿ ಇಟ್ಟಿದ್ದೇನೆ, ಚೀಟಿ ಬರೆದು ಹಾಕಲು. ಹೊನ್ನಾವರದ ಸಹಪಾಠಿಯ ಚಾಟ್ ನೋಡಿಯೇ ಬಂದ ಯೋಚನೆ ಅದು. ಹೆಸರು 'ಪ್ರಶ್ನೆ ಡಬ್ಬಿ'. ಅದರಲ್ಲಿ ಪ್ರಶ್ನೆಗಿಂತ ದೂರುಗಳೇ ಹೆಚ್ಚು ಬೀಳುತ್ತವೆ.

ಪ್ರತಿ ಮಳೆಗಾಲ ಹಳೆಯ ಚರ್ಚೆ ಮತ್ತೆ ಏಳುತ್ತದೆ. ಜೂನ್, ಜುಲೈನಲ್ಲಿ ಜಿಲ್ಲಾಧಿಕಾರಿಗಳು ಕರಾವಳಿಯ ತಾಲೂಕುಗಳಿಗೆ ರಜೆ ಕೊಡುವುದು ವಾಡಿಕೆ, ಕೆಲವೊಮ್ಮೆ ಒಂದರ ಹಿಂದೆ ಒಂದು ದಿನ. ಆ ದಿನಗಳಲ್ಲಿ ಆನ್‌ಲೈನ್ ಕ್ಲಾಸು ತೆಗೆದುಕೊಂಡರೆ ಸಿಲೆಬಸ್ ಹಿಂದೆ ಬೀಳುವುದಿಲ್ಲ ಎಂದು ಸ್ಟಾಫ್ ಮೀಟಿಂಗಿನಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಭಾಷೆ, ಸಮಾಜದವರು ಬೇಕಿದ್ದರೆ ಆಡಿಯೋ ಹಾಕಲಿ, ನನ್ನ ಲೈವ್ ಕ್ಲಾಸು ಬೇಡ, ರಜೆ ಸರಿದೂಗಿಸುವ ಶನಿವಾರದ ಮಧ್ಯಾಹ್ನದಲ್ಲಿ ಎರಡು ಪಿರಿಯಡ್ ನನಗೆ ಕೊಡಿ ಎಂದು ಹೆಡ್‌ಮಾಸ್ತರರಿಗೆ ಹೇಳಿದ್ದೇನೆ. ಸಹೋದ್ಯೋಗಿಗಳಿಗೆ ಆ ಶನಿವಾರ ಹಿಡಿಸಿಲ್ಲ, ನನಗೂ ಘಟ್ಟದ ಕೊನೆಯ ಬಸ್ಸಿನ ಚಿಂತೆ ಇದ್ದೇ ಇದೆ. ಸದ್ಯಕ್ಕೆ ಎರಡು ಪಿರಿಯಡ್ ಸಿಕ್ಕಿದೆ. ಬಿಸಿಲು ಇದ್ದರೆ ಮಸೂರ, ಮೋಡ ಇದ್ದರೆ ವಿದ್ಯುತ್ತು ಎಂದು ಮಕ್ಕಳಿಗೆ ಹೇಳಿಟ್ಟಿದ್ದೇನೆ, ಹೊಸ ಟಾರ್ಚ್ ಬಲ್ಬುಗಳಿಗೆ ಚೀಟಿಯನ್ನೂ ಕೊಟ್ಟಾಗಿದೆ.